ಬಾಣ ಬರೆದರೆ ಸಾಕು, ಜಾಗ ಅದೇ ಹುಡುಕುತ್ತದೆ

ಹತ್ತು ಚೌಕಗಳನ್ನು ಮೌಸಿನಲ್ಲಿ ಎಳೆದೆಳೆದು ಸಾಲಾಗಿ ಕೂರಿಸಿ, ಬಾಣಗಳನ್ನೂ ಜೋಡಿಸಿ ಉಸ್ಸಪ್ಪಾ ಎನ್ನುವಾಗ ಮೇಲಧಿಕಾರಿ ಬಂದು, ‘ಮಧ್ಯದಲ್ಲಿ ಇನ್ನೊಂದು ಹಂತ ಸೇರಿಸಿ’ ಎನ್ನುತ್ತಾರೆ. ಮತ್ತೆ ಹತ್ತನ್ನೂ ಸರಿಸುವ ಕೆಲಸ.

ಈ ಕಾಟಕ್ಕೆ ಪರಿಹಾರ ಹುಡುಕುವ ಪ್ರಯತ್ನ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1980ರ ದಶಕದ ಆರಂಭದಲ್ಲೇ ಬ್ರಯನ್ ಕರ್ನಿಗನ್ ‘ಪಿಕ್’ ಎಂಬ ಪುಟ್ಟ ಭಾಷೆ ಕಟ್ಟಿದ್ದರು. ಚೌಕ, ಬಾಣ ಎಂದು ಪದಗಳಲ್ಲಿ ಟೈಪ್ ಮಾಡಿದರೆ ಮುದ್ರಣದಲ್ಲಿ ಚಿತ್ರ ಬರುತ್ತಿತ್ತು. ಆದರೆ ಯಾವುದು ಯಾವುದರ ಪಕ್ಕ ಎಂಬ ಲೆಕ್ಕ ಬರೆಯುವವರದೇ. ಮುಂದೆ ಅಲ್ಲಿಯೇ ಹುಟ್ಟಿದ ಗ್ರಾಫ್‌ವಿಜ್ ಆ ಲೆಕ್ಕವನ್ನೂ ತಾನೇ ಹೊತ್ತುಕೊಂಡಿತು.

ಕಾಫಿಯನ್ನೇ ತೆಗೆದುಕೊಳ್ಳಿ:

ಪುಡಿ -> ಡಿಕಾಕ್ಷನ್
ಬಿಸಿನೀರು -> ಡಿಕಾಕ್ಷನ್
ಡಿಕಾಕ್ಷನ್ -> ಕಾಫಿ
ಹಾಲು -> ಕಾಫಿ

ಹಿಂದೆಮುಂದೆ ಒಂದು ಆವರಣ ಹಾಕಿದರೆ ಗ್ರಾಫ್‌ವಿಜ್‌ಗೆ ಇಷ್ಟೇ ಸಾಕು. ಹೆಸರುಗಳು ಕನ್ನಡದಲ್ಲಿದ್ದರೂ ಅದಕ್ಕೆ ತಕರಾರಿಲ್ಲ. ಮೊದಲು ಯಾವ ಹೆಸರು ಯಾವ ಮಜಲಿಗೆ ಎಂದು ವಿಂಗಡಿಸುತ್ತದೆ. ಗೆರೆಗಳು ಆದಷ್ಟು ಒಂದನ್ನೊಂದು ದಾಟದಂತೆ ಮಜಲಿನೊಳಗೆ ಹಿಂದೆಮುಂದೆ ಮಾಡುತ್ತದೆ. ಆಮೇಲೆ ಜಾಗ ಗೊತ್ತುಮಾಡಿ, ಕೊನೆಗೆ ಬಾಣಗಳನ್ನು ಬಾಗಿಸಿ ಎಳೆಯುತ್ತದೆ. ಸಕ್ಕರೆ ಮರೆತುಹೋಯಿತೇ? ಒಂದು ಸಾಲು ಸೇರಿಸಿದರಾಯಿತು. ಆದರೆ ಹಾಲು ಎಡಗಡೆಗೇ ಇರಲಿ ಎಂದು ಹಟ ಹಿಡಿಯುವವರಿಗೆ ಇದು ಹೇಳಿಸಿದ್ದಲ್ಲ. ಜಾಗದ ವಿಷಯದಲ್ಲಿ ಅದು ತನ್ನ ಮಾತೇ ನಡೆಯಬೇಕು ಎನ್ನುವ ಪೈಕಿ.

ಇಮ್ಯಾಕ್ಸ್ ಎಂಬ ಎಡಿಟರ್ ಬಳಸುವವರು ಇದಕ್ಕಾಗಿ ಬೇರೆ ಕಿಟಕಿಯನ್ನೂ ತೆರೆಯುವುದಿಲ್ಲ. ಅದರ ಆರ್ಗ್ ಮೋಡ್‌ನಲ್ಲಿ ಒಮ್ಮೆ ಸಿದ್ಧತೆ ಮಾಡಿಕೊಂಡರೆ, ಟಿಪ್ಪಣಿಯ ನಡುವೆಯೇ ಈ ಸಾಲುಗಳನ್ನು ಬರೆದು ಕಂಟ್ರೋಲ್-ಸಿ ಎರಡು ಬಾರಿ ಒತ್ತಿದರೆ ಚಿತ್ರ ತಯಾರು. 2014ರಲ್ಲಿ ಬಂದ ಮರ್ಮೇಡ್ ಕೂಡ ಇದೇ ಜಾಡಿನದು. 2022ರಿಂದ ಕೋಡ್ ಹಂಚುವ ತಾಣ ಗಿಟ್‌ಹಬ್ ಅದನ್ನು ನೇರವಾಗಿ ಚಿತ್ರವಾಗಿಸಿ ತೋರಿಸುತ್ತಿದೆ. ಮೂಲ ಬರೀ ಅಕ್ಷರವಾದ್ದರಿಂದ ನಿನ್ನೆಗೂ ಇಂದಿಗೂ ಯಾವ ಬಾಣ ಬದಲಾಯಿತು ಎಂಬುದು ಸಾಲಿನ ಲೆಕ್ಕದಲ್ಲೇ ಸಿಗುತ್ತದೆ.

ಡಿಟಾ ಎಂಬುದರ ಜಾಯಮಾನವೇ ಬೇರೆ. ಅಲ್ಲಿ ಅಡ್ಡಗೆರೆ, ನಿಲುಗೆರೆ, ಕೂಡಿಸುವ ಚಿಹ್ನೆ ಒತ್ತಿ ಪೆಟ್ಟಿಗೆಯನ್ನು ಕೈಯಾರೆ ‘ಬರೆಯಬೇಕು’. ಅದನ್ನು ಡಿಟಾ ನೀಟಾದ ಚಿತ್ರವಾಗಿಸುತ್ತದೆ. ಕನ್ನಡ ಎಡವುವುದು ಇಲ್ಲೇ. ಡಿಟಾ ಒಂದು ಸಂಕೇತಕ್ಕೆ ಒಂದು ಮನೆ ಎಂದು ಎಣಿಸುತ್ತದೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು ಸ, ತ, ರ, ಎರಡು ಹಲಂತ ಚಿಹ್ನೆ, ಒಂದು ‘ಈ’ ಸ್ವರಚಿಹ್ನೆ ಸೇರಿ ಆರು. ಪರದೆಯ ಮೇಲೆ ನೆಟ್ಟಗೆ ನಿಂತ ಪೆಟ್ಟಿಗೆಯ ಬಲಗೋಡೆ ಡಿಟಾ ಲೆಕ್ಕದಲ್ಲಿ ಐದು ಮನೆ ಆಚೆಗೆ ಹೋಗಿರುತ್ತದೆ.