ಗಡುವು ಎಂಬ ಗೆರೆ

ಇಂಗ್ಲಿಷಿನ ಕೆಲವು ಮಾತುಗಳು ನಮ್ಮ ಮನೆಯೊಳಕ್ಕೆ ಬರುವಾಗ ತಮ್ಮೂರಿನ ಧೂಳನ್ನು ಹೊಸಿಲಾಚೆಯೇ ಕೊಡವಿ ಬರುತ್ತವೆ. ‘ಡೆಡ್‌ಲೈನ್’ ಅಂಥದೊಂದು ಮಾತು. ಅರ್ಜಿ ತುಂಬುವ ವಿದ್ಯಾರ್ಥಿ, ತೆರಿಗೆ ಕಟ್ಟುವ ವರ್ತಕ, ವಿಶೇಷಾಂಕಕ್ಕೆ ಕತೆ ಬರೆದುಕೊಡಲು ಒಪ್ಪಿಕೊಂಡ ಲೇಖಕ, ಇವರೆಲ್ಲರ ಬಾಯಲ್ಲಿಯೂ ಅದು ಸಲೀಸಾಗಿ ಓಡಾಡುತ್ತದೆ. ಅದರೊಳಗೆ ಸಾವೆಂಬ ಶಬ್ದ ಕುಳಿತಿದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ.

ಆ ಸಾವು ಬರಿಯ ಅಲಂಕಾರವಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರ ಫೆಬ್ರವರಿಯಲ್ಲಿ, ದಕ್ಷಿಣದವರು ಜಾರ್ಜಿಯಾ ಪ್ರಾಂತದ ಆ್ಯಂಡರ್ಸನ್‌ವಿಲ್ ಎಂಬಲ್ಲಿ ಉತ್ತರದ ಸೈನಿಕರಿಗಾಗಿ ಒಂದು ಸೆರೆಶಿಬಿರವನ್ನು ತೆರೆದರು. ಸುತ್ತಲೂ ಮರದ ದಿಮ್ಮಿಗಳ ಎತ್ತರದ ಕೋಟೆ. ಅದರಿಂದ ಸುಮಾರು 19 ಅಡಿ ಒಳಗೆ ಗೂಟಗಳನ್ನು ನೆಟ್ಟು, ಮೇಲೆ ತೆಳುವಾದ ಮರದ ಪಟ್ಟಿಯನ್ನು ಹೊಡೆದಿದ್ದರು. ಮಗುವೂ ದಾಟಬಹುದಾದ ಬೇಲಿ ಅದು. ಆದರೆ ದಾಟಿದವನಿಗೆ ಮೇಲಿನ ಅಟ್ಟಣೆಯಲ್ಲಿದ್ದ ಕಾವಲಿನವನು ಗುಂಡು ಹಾರಿಸಬೇಕೆಂದು ಆಜ್ಞೆಯಿತ್ತು. ಅದೇ ‘ಡೆಡ್ ಲೈನ್’. ಆಗಿನ್ನೂ ಅವು ಎರಡು ಮಾತುಗಳು. ಶಿಬಿರದ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಅದು ಒಳಕ್ಕೆ ಬರುವ ಕಡೆ, ಗೆರೆಯ ಹತ್ತಿರ, ನೀರು ಕೊಂಚ ತಿಳಿಯಾಗಿರುತ್ತಿತ್ತು. ಬಾಯಾರಿದವರು ಅತ್ತ ಕೈಚಾಚಿ ಗುಂಡಿಗೆ ಬಲಿಯಾದ ಸಂಗತಿಗಳನ್ನು ಬದುಕಿ ಬಂದವರು ಹೇಳಿದ್ದಾರೆ. ಅಲ್ಲಿ ಸೆರೆಯಿದ್ದ ಸುಮಾರು 45,000 ಮಂದಿಯಲ್ಲಿ 13,000ದಷ್ಟು ಜನ ಸತ್ತರು. ಬಹುಪಾಲು ಸಾವುಗಳಿಗೆ ಕಾರಣ ಗುಂಡಲ್ಲ. ಹಸಿವೆ, ಆಮಶಂಕೆ, ರಕ್ತಪಿತ್ತ. ಆದರೂ ಶಿಬಿರದ ಅಧಿಕಾರಿ ಹೆನ್ರಿ ವರ್ಟ್ಸ್‌ನ ವಿಚಾರಣೆಯಲ್ಲಿ ಈ ಗೆರೆಯ ಪ್ರಸ್ತಾಪ ಮತ್ತೆ ಮತ್ತೆ ಬಂದಿತು. 1865ರ ನವೆಂಬರ್ 10ರಂದು ಅವನನ್ನು ಗಲ್ಲಿಗೇರಿಸಿದರು.

ಸ್ಥಳದ ಗೆರೆ ಕಾಲದ ಗೆರೆಯಾದದ್ದು ಪತ್ರಿಕಾಲಯದಲ್ಲಿ. ಮುದ್ರಣಯಂತ್ರದ ಹಾಸಿನ ಮೇಲೆ ಒಂದು ಗೆರೆ ಇರುತ್ತಿತ್ತು. ಅದರಾಚೆಗೆ ಜೋಡಿಸಿದ ಅಚ್ಚುಮೊಳೆ ಕಾಗದದ ಮೇಲೆ ಮೂಡುತ್ತಿರಲಿಲ್ಲ. ಅದನ್ನೂ ‘ಡೆಡ್‌ಲೈನ್’ ಎಂದೇ ಕರೆದರು. ಇಂತಿಷ್ಟು ಹೊತ್ತಿನೊಳಗೆ ಬಾರದ ಸುದ್ದಿಯೂ ಅಂದಿನ ಸಂಚಿಕೆಯ ಪಾಲಿಗೆ ಇಲ್ಲದ ಸುದ್ದಿಯೇ ತಾನೆ? 1920ರ ವೇಳೆಗೆ ಅಮೆರಿಕದ ಪತ್ರಕರ್ತರ ನಡುವೆ ಈ ಅರ್ಥ ನೆಲೆಯೂರಿತ್ತು. ಆ ವರ್ಷ ಈ ಪದವನ್ನೇ ಹೆಸರಿನಲ್ಲಿಟ್ಟುಕೊಂಡು ಪತ್ರಿಕಾ ಕಚೇರಿಯ ಚಲನಚಿತ್ರವೊಂದು ತೆರೆಕಂಡಿತು. ಸೆರೆಶಿಬಿರದ ಬೇಲಿಯೇ ನೇರವಾಗಿ ಅಚ್ಚುಕೂಟಕ್ಕೆ ನಡೆದುಬಂದಿತೆಂದು ಸಾಧಿಸುವ ದಾಖಲೆ ಇಲ್ಲ. ಇಂಥ ರೋಚಕ ವಂಶಾವಳಿಗಳನ್ನು ತುಸು ಅನುಮಾನದಿಂದಲೇ ನೋಡುವುದು ಲೇಸು.

ಇಂಗ್ಲಿಷ್ ಬಲ್ಲವರು ಒಂದು ಭೇದವನ್ನು ಮರೆಯುವುದಿಲ್ಲ. ‘ಟೈಮ್ ಲಿಮಿಟ್’ ಎಂದರೆ ಮೊದಲಿನಿಂದ ಕೊನೆಯವರೆಗಿನ ಹರವು: ಪರೀಕ್ಷೆಯ ಮೂರು ಗಂಟೆ ಅದು. ‘ಡೆಡ್‌ಲೈನ್’ ಎಂದರೆ ಆ ಹರವಿನ ಕಟ್ಟಕಡೆಯ ಬಿಂದು. ಆದ್ದರಿಂದ ‘ಒಂದು ವಾರದ ಡೆಡ್‌ಲೈನ್’ ಎನ್ನುವುದು ಸಡಿಲ ಮಾತು. ‘ಶನಿವಾರ ಡೆಡ್‌ಲೈನ್’ ಎಂದರೆ ಸರಿ.

ಇನ್ನು ನಮ್ಮ ಮಾತುಗಳು. ಈ ಪದಕ್ಕೆ ಕನ್ನಡದಲ್ಲಿ ಸಮಾನಪದವಿಲ್ಲವೆಂದು ಕೊರಗುವವರನ್ನು ಕಂಡಾಗ ನನಗೆ ಆಶ್ಚರ್ಯವಾಗುತ್ತದೆ. ನಮಗಿರುವುದು ಬಡತನವಲ್ಲ, ಗೊಂದಲ ಹುಟ್ಟಿಸುವಷ್ಟು ಸಿರಿತನ. ‘ಗಡುವು’ ನಮ್ಮದೇ ನೆಲದ ಮಾತು. ತೆಲುಗಿನಲ್ಲಿಯೂ ಅದು ಗಡುವೇ, ತಮಿಳಿನಲ್ಲಿ ಕೆಡು. ‘ಅವಧಿ’ ಸಂಸ್ಕೃತದ್ದು. ‘ಧಾ’ ಎಂಬ ಧಾತುವಿಗೆ ‘ಅವ’ ಸೇರಿ ಆದ ಪದ. ಶತಾವಧಾನಿಯ ‘ಅವಧಾನ’ವೂ ಇದೇ ಬಳ್ಳಿಯದು. ಗಮನವನ್ನು ಒಂದೆಡೆ ನಿಲ್ಲಿಸುವುದಕ್ಕೂ ಕಾಲವನ್ನು ಒಂದೆಡೆ ನಿಲ್ಲಿಸುವುದಕ್ಕೂ ನಮ್ಮ ಹಿರಿಯರು ಒಂದೇ ಬೇರಿನಿಂದ ಮಾತು ತೆಗೆದರು. ‘ಮುದ್ದತು’ ಅರಬ್ಬಿಯಿಂದ ಬಂದದ್ದು, ಅದರ ಧಾತುವಿಗೆ ಚಾಚು, ಎಳೆ ಎಂಬರ್ಥ. ಬ್ಯಾಂಕಿನ ಮುದ್ದತು ಠೇವಣಿಯಲ್ಲಿ ಹಣ ಹಾಗೆ ಚಾಚಿಕೊಂಡು ಮಲಗಿರುತ್ತದೆ.

ಇವೆಲ್ಲಕ್ಕಿಂತ ನನಗೆ ಸ್ವಾರಸ್ಯವೆನಿಸುವುದು ‘ವಾಯಿದೆ’. ಇದರ ಮೂಲವೂ ಅರಬ್ಬಿಯೇ, ಅಲ್ಲಿ ಅದಕ್ಕೆ ಮಾತು ಕೊಡುವುದು, ವಚನ ಎಂಬ ಅರ್ಥ. ಗಡುವು ಮೇಲಿನಿಂದ ಬರುತ್ತದೆ. ಸಾಲ ಕೊಟ್ಟವನು ಗಡುವು ವಿಧಿಸುತ್ತಾನೆ. ವಾಯಿದೆಯಾದರೋ ಸಾಲ ಪಡೆದವನ ನಾಲಗೆಯಿಂದ ಹೊರಡಬೇಕಾದದ್ದು: ‘ಸುಗ್ಗಿಗೆ ತೀರಿಸುತ್ತೇನೆ’ ಎಂಬ ಮಾತು. ಆ ಪದ ನಮ್ಮ ನ್ಯಾಯಾಲಯಗಳ ಅಂಗಳದಲ್ಲಿ ಎಂಥ ಪಾಡು ಪಟ್ಟಿದೆಯೆಂದರೆ, ‘ವಾಯಿದೆ ಬಿತ್ತು’ ಎಂದರೆ ಕೆಲಸವಾಗಲಿಲ್ಲ, ಇನ್ನೊಂದು ದಿನ ಬಾ ಎಂದರ್ಥ. ವಚನವೇ ಮುಂದೂಡಿಕೆಯಾಗಿ ಕುಳಿತಿದೆ.

ಕೊನೆಗೆ ಒಂದು ಪುಟ್ಟ ಪ್ರತ್ಯಯದ ಮಾತು. ‘15ನೆಯ ತಾರೀಖಿನೊಳಗೆ’ ಎಂದರೆ 15 ಸೇರಿತೋ ಇಲ್ಲವೋ? ಅಂಚೆಯಲ್ಲಿ ಅರ್ಜಿ ಕಳಿಸಿ ಕೆಲಸ ಕಳೆದುಕೊಂಡವನಿಗೆ ಇದು ವ್ಯಾಕರಣದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಜಮೀನಿನ ಮೊಕದ್ದಮೆ ಸೋತವನು ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 1963ರ ಕಾಲಮಿತಿ ಕಾಯಿದೆ 30 ದಿನ ಕೊಡುತ್ತದೆ. ತಡವಾದರೆ ‘ಸಾಕಷ್ಟು ಕಾರಣ’ ತೋರಿಸಬೇಕು. ಎಣಿಕೆಯಲ್ಲಿ ಒಂದು ದಿನ ತಪ್ಪಿದರೆ ಹೊಲ ಹೋದೀತು. ಇಂಥ ಸಂಕಟವನ್ನು ಬಲ್ಲವರೇ 1897ರ ಸಾಮಾನ್ಯ ಖಂಡಗಳ ಕಾಯಿದೆಯನ್ನು ಬರೆದಿರಬೇಕು. ‘ಇಂಥ ದಿನದಿಂದ’ ಎಂಬುದು ಮೊದಲ ದಿನವನ್ನು ಬಿಡಲು ಸಾಕು, ‘ಇಂಥ ದಿನದವರೆಗೆ’ ಎಂಬುದು ಕೊನೆಯ ದಿನವನ್ನು ಸೇರಿಸಲು ಸಾಕು ಎಂದು ಅದರ 9ನೆಯ ಕಲಮು ಹೇಳುತ್ತದೆ. ಕೊನೆಯ ದಿನ ಕಚೇರಿ ಮುಚ್ಚಿದ್ದರೆ, ಮುಂದೆ ತೆರೆದ ದಿನ ಮಾಡಿದ ಕೆಲಸವನ್ನೂ ಸಕಾಲದ್ದೆಂದೇ ಎಣಿಸಬೇಕೆಂಬುದು 10ನೆಯದು. ಆದ್ದರಿಂದ ಪ್ರಕಟಣೆ ಬರೆಯುವವರು ‘ಒಳಗೆ’ ಎಂಬುದನ್ನು ಬಿಟ್ಟು, ‘15ರ ಸಂಜೆ 5 ಗಂಟೆಯವರೆಗೆ’ ಎಂದು ಬರೆದರೆ ಎಷ್ಟೋ ಜನಕ್ಕೆ ಉಪಕಾರವಾದೀತು. ಪತ್ರಿಕೆಯ ಸಂಪಾದಕರಿಗೆ ಮಾತ್ರ ಈ 10ನೆಯ ಕಲಮು ಅನ್ವಯಿಸುವುದಿಲ್ಲ. ಭಾನುವಾರ ರಜೆಯಿತ್ತೆಂದು ಅವರಲ್ಲಿ ನಾನೂ ವಾದಿಸಿ ನೋಡಿದ್ದೇನೆ.