‘ಕಲ್ಲು ಹೋಯ್ತು’ ಅಂದರೆ ಏನು? ಗಡಿಭಾಗದ ಕನ್ನಡದಲ್ಲಿ ಕಿಡ್ನಿ ಕಲ್ಲಿನ ಆಪರೇಶನ್‌

ಸಾಹಿತ್ಯ ವಿಭಾಗದ ಸಂಕಿರಣದಲ್ಲಿ ಕಿಡ್ನಿ ಕಲ್ಲು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಗಡಿ ಕನ್ನಡ ಅಂದಾಗ ನಾವು ಶಾಲೆ, ಶಾಸನ, ಜನಪದ ಹಾಡು ಇಷ್ಟಕ್ಕೇ ನಿಲ್ಲುತ್ತೇವೆ. ಕಾಯಿಲೆ ಬಿದ್ದವರ ಕನ್ನಡವನ್ನು ಕೇಳುವುದು ಕಡಿಮೆ. ಆಪರೇಶನ್‌ ಆದ ಮೇಲೆ ರೋಗಿಗೆ ಫಲಿತಾಂಶ ಯಾವ ಭಾಷೆಯಲ್ಲಿ ಮುಟ್ಟುತ್ತದೆ ಅನ್ನುವುದಷ್ಟೇ ಇವತ್ತಿನ ನನ್ನ ಪ್ರಶ್ನೆ.

1956ರವರೆಗೆ ಜಹೀರಾಬಾದ್‌, ನಾರಾಯಣಖೇಡ ಬೀದರ್‌ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಹಾಗಾಗಿ ಇಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪಕ್ಕದ ಓಣಿಯಲ್ಲಿ ದಖನಿ, ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಇಂಗ್ಲಿಷ್‌. ದಖನಿಯ ‘ಪಥರಿ’, ತೆಲುಗಿನ ‘ರಾಳ್ಳು’, ನಮ್ಮ ‘ಕಲ್ಲು’, ‘ಹರಳು’ ಎಲ್ಲವೂ ಒಂದೇ. ಪುಸ್ತಕದ ಕನ್ನಡ ಇನ್ನೂ ಗೊಂದಲ ಮಾಡುತ್ತದೆ. ‘ಮೂತ್ರಕೋಶ’ ಅಂತ ಕೆಲವರು ಕಿಡ್ನಿಗೆ ಬರೆಯುತ್ತಾರೆ, ಕೆಲವರು ಅದರ ಕೆಳಗಿರುವ ಮೂತ್ರದ ಚೀಲಕ್ಕೆ ಬರೆಯುತ್ತಾರೆ. ಜನ ‘ಕಿಡ್ನಿ’ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ.

ಮೊದಲು ಹೊಟ್ಟೆಯ ಪಕ್ಕ ಉದ್ದಕ್ಕೆ ಕೊಯ್ದು ಕಲ್ಲು ತೆಗೆಯುತ್ತಿದ್ದರು. ಈಗ ಸಾಮಾನ್ಯವಾಗಿ ಮೂರು ದಾರಿಗಳಿವೆ. ಹೊರಗಿನಿಂದ ಆಘಾತ ತರಂಗ ಬಿಟ್ಟು ಒಡೆಯುವುದು ಲಿಥೊಟ್ರಿಪ್ಸಿ, ಇದು 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾಯಿತು. ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಕಳಿಸಿ ಲೇಸರ್‌ನಿಂದ ಪುಡಿ ಮಾಡುವುದು ಎರಡನೆಯದು. ಬೆನ್ನಿನಲ್ಲಿ ಸುಮಾರು ಒಂದು ಸೆಂಟಿಮೀಟರ್‌ ತೂತು ಮಾಡಿ ನೇರ ಕಿಡ್ನಿಗೇ ಹೋಗುವುದು ಮೂರನೆಯದು, ಪಿಸಿಎನ್‌ಎಲ್‌. ಎರಡು ಸೆಂಟಿಮೀಟರ್‌ಗಿಂತ ದೊಡ್ಡ ಕಲ್ಲಿಗೆ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ.

ಇವುಗಳ ಫಲಿತಾಂಶ ಒಳ್ಳೆಯದೇ, ಆದರೆ ‘ನೂರಕ್ಕೆ ನೂರು’ ಅಲ್ಲ. 2011ರಲ್ಲಿ ಪ್ರಕಟವಾದ ಕ್ರೋಸ್‌ ಅಧ್ಯಯನ ಜಗತ್ತಿನ 96 ಕೇಂದ್ರಗಳ 5,803 ಪಿಸಿಎನ್‌ಎಲ್‌ ರೋಗಿಗಳನ್ನು ನೋಡಿತು. ಕಲ್ಲು ಪೂರ್ತಿ ಹೋದವರು ಶೇ. 75.7. ಶೇ. 10.5ರಷ್ಟು ಜನರಿಗೆ ಜ್ವರ ಬಂತು, ಶೇ. 5.7ರಷ್ಟು ಜನರಿಗೆ ರಕ್ತ ಕೊಡಬೇಕಾಯಿತು. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಏನೋ ಉಳಿಯುತ್ತದೆ. ಇಲ್ಲಿ ‘ಪೂರ್ತಿ’ ಅನ್ನುವ ಪದವೂ ಸಡಿಲವೇ. ಎಕ್ಸ್‌ರೇಯಲ್ಲಿ ಕಾಣದ ಚೂರು ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ನಾಲ್ಕು ಮಿಲಿಮೀಟರ್‌ವರೆಗಿನ ಚೂರನ್ನು ಬಹಳ ಕಾಲ ‘ಲೆಕ್ಕಕ್ಕಿಲ್ಲ’ ಅಂತಲೇ ಬಿಟ್ಟಿದ್ದರು. ಹೀಗಾಗಿ ಡಾಕ್ಟರು ‘ಸಕ್ಸಸ್‌’ ಅಂದದ್ದನ್ನು ಮನೆಯವರು ‘ಕಲ್ಲು ಹೋಯ್ತು’ ಅಂತ ಕೇಳಿಸಿಕೊಳ್ಳುತ್ತಾರೆ. ಎರಡೂ ಸುಳ್ಳಲ್ಲ, ಎರಡೂ ಒಂದೇ ಅಲ್ಲ.

ಕಲ್ಲು ಮತ್ತೆ ಬರುವ ವಿಷಯ. ಐದರಿಂದ ಹತ್ತು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮತ್ತೆ ಆಗುತ್ತದೆ ಅಂತ ಸಾಮಾನ್ಯ ಅಂದಾಜು. ತಾಂಡೂರು ನೆಲಹಾಸಿನ ಸುಣ್ಣದ ಕಲ್ಲಿಗೆ ಹೆಸರಾದ ಊರು, ಹಾಗಾಗಿ ‘ಕಲ್ಲಿನ ನೀರು ಕುಡಿದು ಕಲ್ಲು’ ಅನ್ನುವುದು ಸುಲಭ. ಗಡಸು ನೀರಿಗಿಂತ ಕಡಿಮೆ ನೀರು ದೊಡ್ಡ ಕಾರಣ. 1996ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಹೆಚ್ಚು ನೀರು ಕುಡಿದವರಲ್ಲಿ ಐದು ವರ್ಷದಲ್ಲಿ ಶೇ. 12, ಉಳಿದವರಲ್ಲಿ ಶೇ. 27 ಜನರಿಗೆ ಕಲ್ಲು ಮರಳಿತು. ದಿನಕ್ಕೆ ಎರಡೂವರೆ ಲೀಟರ್‌ ಉಚ್ಚೆ ಹೋಗುವಷ್ಟು ಕುಡಿಯಬೇಕು ಅಂತ ಸಲಹೆ. ಬಿಸಿಲಲ್ಲಿ ಕಲ್ಲಿನ ಗಣಿಯಲ್ಲೋ ತೊಗರಿ ಹೊಲದಲ್ಲೋ ದುಡಿಯುವವರಿಗೆ ಇದು ಹೇಳಿದಷ್ಟು ಸುಲಭವಲ್ಲ ಬಿಡಿ.

ನನಗೆ ಮುಖ್ಯವಾದದ್ದು ಸ್ಟೆಂಟ್‌. ಆಪರೇಶನ್‌ ಮುಗಿಸುವಾಗ ಹಲವು ಸಲ ಕಿಡ್ನಿಯಿಂದ ಮೂತ್ರದ ಚೀಲದವರೆಗೆ ತೆಳ್ಳನೆಯ ಪ್ಲಾಸ್ಟಿಕ್‌ ನಳಿಗೆ ಇಡುತ್ತಾರೆ. ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಬಾಗಿರುವುದರಿಂದ ಡಬಲ್‌ ಜೆ, ಅಂದರೆ ಡಿಜೆ ಸ್ಟೆಂಟ್‌. (ನಮ್ಮ ಕಡೆ ಡಿಜೆ ಅಂದರೆ ಗಣಪತಿ ಮೆರವಣಿಗೆಯ ಸೌಂಡ್‌ ಬಾಕ್ಸು!) ಊತ ಇಳಿಯುವವರೆಗೆ ಮೂತ್ರ ಹರಿಯಲಿ ಅಂತ ಇಡುವುದು. ಕೆಲವು ದಿನ ಅಥವಾ ವಾರ ಬಿಟ್ಟು ತೆಗೆಯಲೇಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಹೊಸ ಕಲ್ಲು ಕಟ್ಟುತ್ತದೆ, ಸೋಂಕಾಗುತ್ತದೆ, ಕಿಡ್ನಿಯೇ ಕೆಡಬಹುದು. ಕಲ್ಲು ತೆಗೆಸಿಕೊಂಡವರಿಗೆ ಅದಕ್ಕಿಂತ ದೊಡ್ಡ ಆಪರೇಶನ್‌ ಬೀಳುತ್ತದೆ.

ಡಿಸ್ಚಾರ್ಜ್‌ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ‘ಡಿಜೆ ಸ್ಟೆಂಟ್‌ ಇನ್‌ ಸಿಟು’. ಇಂಗ್ಲಿಷ್‌ ಚೀಟಿಯೊಳಗೆ ಲ್ಯಾಟಿನ್‌ ನುಡಿ, ಅದನ್ನು ತೆಲುಗಿನಲ್ಲಿ ವಿವರಿಸಿದರೆ ಕೇಳುವ ಕಿವಿ ಕನ್ನಡದ್ದು. ‘ಇನ್‌ ಸಿಟು’ ಅಂದರೆ ಇಟ್ಟ ಜಾಗದಲ್ಲೇ ಇದೆ ಅಂತ. ಇದೆ ಅನ್ನುತ್ತದೆಯೇ ಹೊರತು ತೆಗೆಯಬೇಕು ಅನ್ನುವುದಿಲ್ಲ. ಅದರ ಮೇಲೆ ‘ಸ್ಟೆಂಟ್‌’ ಅನ್ನುವ ಪದ ಜನರಿಗೆ ಈಗಾಗಲೇ ಗೊತ್ತು, ಹೃದಯದಿಂದ. ಹೃದಯದ ಸ್ಟೆಂಟ್‌ ಜೀವನಪೂರ್ತಿ ಒಳಗೇ ಇರುತ್ತದೆ. ಅದೇ ಅರ್ಥವನ್ನು ಕಿಡ್ನಿಗೂ ಹಚ್ಚಿಕೊಂಡರೆ, ನೋವೂ ಕಡಿಮೆಯಾಗಿದ್ದರೆ, ಮತ್ತೆ ಆಸ್ಪತ್ರೆಗೆ ಯಾಕೆ ಹೋಗುತ್ತಾರೆ ಹೇಳಿ?

ಪರಿಭಾಷೆ ರಚಿಸುವಾಗ ನಾವು ‘ಮೂತ್ರನಾಳ ಆಧಾರನಳಿಕೆ’ ಥರದ್ದೊಂದು ಪದ ಕಟ್ಟಿ ಸಮಾಧಾನಪಡುತ್ತೇವೆ. ಅದರಿಂದ ಇಲ್ಲಿ ಪ್ರಯೋಜನವಿಲ್ಲ. ಜಹೀರಾಬಾದಿನ ಅಜ್ಜಿಗೆ ಬೇಕಾದದ್ದು ಪದವಲ್ಲ, ಕ್ರಿಯಾಪದ ಇರುವ ಪೂರ್ತಿ ವಾಕ್ಯ. ನನ್ನ ಕರಡು ಹೀಗಿದೆ, ತಿದ್ದುವವರು ತಿದ್ದಿ: ‘ಅಮ್ಮಾ, ಕಲ್ಲು ತೆಗದೀವಿ. ಒಳಗ ಒಂದು ಪೈಪ್‌ ಇಟ್ಟೀವಿ. ಅದು ಎದಿಗಿ ಹಾಕೋ ಅಂಥದ್ದಲ್ಲ, ತೆಗೀಲೇಬೇಕು. ಈ ತಾರೀಖಿಗಿ ಬರ್ರಿ.’ ತಾರೀಖನ್ನು ಅಂಕಿಯಲ್ಲಿ ಚೀಟಿಯ ಮೇಲ್ಗಡೆ ದೊಡ್ಡದಾಗಿ ಬರೆಯಬೇಕು, ಜೊತೆಗೆ ಬಂದ ಮಗನ ಫೋನಿಗೂ ಕಳಿಸಬೇಕು.