ಕಂಪ್ಯೂಟರಿನ ಧ್ವನಿ ನಿಂತಾಗ: ಆಲಿಸುವಿಕೆಯ ಪಾಠಕ್ಕೆ ಒಂದು ಪರೀಕ್ಷಾಕ್ರಮ

ಸಾಂಗಲಿ, ಮಿರಜ ನಗರಗಳ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗು ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಕೇಳುವ ಭಾಷೆ ಬಹುಮಟ್ಟಿಗೆ ಮರಾಠಿ. ಜತ್ತ ತಾಲ್ಲೂಕಿನ ಗಡಿಯಂಚಿನ ಹಳ್ಳಿಗಳಲ್ಲಿ ಕನ್ನಡವು ಓಣಿಯಲ್ಲಿಯೂ ಹೊಲದಲ್ಲಿಯೂ ಕಿವಿಗೆ ಬೀಳುತ್ತದೆ. ನಗರದ ಮಗುವಿಗೆ ಆ ಅನುಕೂಲವಿಲ್ಲ. ಆದುದರಿಂದ ಪದ್ಯವಾಚನ, ಕಥಾಶ್ರವಣ, ಸಂಭಾಷಣೆ ಮುಂತಾದ ಧ್ವನಿಪಾಠಗಳಿಗೆ ಇಲ್ಲಿ ಹೆಚ್ಚಿನ ಮಹತ್ವವಿದೆ. ಬಾಲಭಾರತಿಯ ಪಠ್ಯಪುಸ್ತಕಗಳಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತಗಳ ಮೂಲಕ ದೊರೆಯುವ ಸಾಮಗ್ರಿಯನ್ನು ಅನೇಕ ಶಿಕ್ಷಕರು ಮನೆಯ ಕಂಪ್ಯೂಟರಿನಲ್ಲಿಯೇ ಮೊದಲು ಕೇಳಿ, ಆಯ್ದು, ಪಾಠವನ್ನು ಸಿದ್ಧಪಡಿಸಿಕೊಳ್ಳುತ್ತಾರೆ.

ಈ ಶ್ರವಣಕ್ಕೆ ಭಾಷಾಶಾಸ್ತ್ರದ ಕಾರಣವೂ ಉಂಟು. ಕನ್ನಡದಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ‘ಬೆಳೆ’ ಹೊಲದಲ್ಲಿರುವುದು, ‘ಬೇಳೆ’ ಅಡುಗೆಮನೆಯಲ್ಲಿರುವುದು. ‘ಕೊಡು’ ಎಂಬುದು ಕ್ರಿಯೆ, ‘ಕೋಡು’ ಎಂಬುದು ಎತ್ತಿನ ತಲೆಯ ಮೇಲಿರುವುದು. ಮರಾಠಿಯಲ್ಲಿ ಈ ಸ್ವರಗಳಿಗೆ ಹ್ರಸ್ವ ದೀರ್ಘಗಳ ಅರ್ಥಭೇದವಿಲ್ಲ, ಅದರ ಬರವಣಿಗೆಯಲ್ಲಿ ಎರಡು ಬೇರೆ ಚಿಹ್ನೆಗಳೂ ಇಲ್ಲ. ಈ ಭೇದವನ್ನು ಪುಸ್ತಕವು ಕಣ್ಣಿಗೆ ತೋರಿಸಬಲ್ಲದು. ಕಿವಿಗೆ ಕಲಿಸುವುದು ಧ್ವನಿಯೇ. ಪಾಠದ ಹಿಂದಿನ ರಾತ್ರಿ ಕಂಪ್ಯೂಟರು ಮೂಕವಾದರೆ ಮರುದಿನ ಶ್ರವಣಪಾಠದ ಸ್ಥಾನವನ್ನು ಬರವಣಿಗೆಯ ಅಭ್ಯಾಸವು ಆಕ್ರಮಿಸಿಕೊಳ್ಳುತ್ತದೆ. ಒಂದೆರಡು ಸಲ ಹೀಗಾದರೆ ಶ್ರವಣಪಾಠವೇ ವೇಳಾಪತ್ರಿಕೆಯಿಂದ ಜಾರಿಹೋಗುತ್ತದೆ.

ಧ್ವನಿ ನಿಲ್ಲುವ ಸಂದರ್ಭಗಳಲ್ಲಿ ಬಹಳಷ್ಟು ರಿಪೇರಿ ಅಂಗಡಿಯ ನೆರವಿಲ್ಲದೆ ಸರಿಹೋಗುವಂಥವು. ಅದಕ್ಕೆ ಬೇಕಾದುದು ತಾಂತ್ರಿಕ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಒಂದು ಕ್ರಮ.

ಧ್ವನಿ ಸಾಗುವ ದಾರಿ

ಮಿರಜವು ಸಿತಾರ್ ಮತ್ತು ತಂಬೂರಿಗಳ ತಯಾರಿಕೆಗೆ ಹೆಸರಾದ ಊರು. 2024ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ತಂಬೂರಿಯ ನಾದವು ಮಂಕಾದರೆ ಬಲ್ಲವರು ಬುರುಡೆಯನ್ನು ಬಿಚ್ಚುವುದಿಲ್ಲ. ಮೊದಲು ತಂತಿಯ ಬಿಗಿಯನ್ನೂ, ಬಳಿಕ ಕುದುರೆಯ ಮೇಲೆ ತಂತಿಯ ಅಡಿಗೆ ಇರಿಸಿದ ದಾರದ ಎಳೆಯನ್ನೂ ನೋಡುತ್ತಾರೆ. ಆ ಎಳೆ ಕೂದಲಿನಷ್ಟು ಸರಿದರೂ ನಾದದ ಝೇಂಕಾರ ಅಡಗಿಬಿಡುತ್ತದೆ. ನಾದವು ಯಾವ ದಾರಿಯಲ್ಲಿ ಹುಟ್ಟಿ ಹೊರಬರುತ್ತದೆ ಎಂಬುದನ್ನು ತಿಳಿದವರಿಗೆ ಅದು ಎಲ್ಲಿ ತಡೆಯಿತೆಂದು ಹುಡುಕುವುದು ಸುಲಭ.

ಕಂಪ್ಯೂಟರಿನಲ್ಲಿಯೂ ಧ್ವನಿಗೆ ಒಂದು ದಾರಿಯಿದೆ. ಮುದ್ರಿತ ಧ್ವನಿಯು ಕಡತದಲ್ಲಿ ಅಂಕೆಗಳ ರೂಪದಲ್ಲಿರುತ್ತದೆ, ಸಿ.ಡಿ. ಗುಣಮಟ್ಟದ ಧ್ವನಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಅಳತೆಗಳು ದಾಖಲಾಗಿರುತ್ತವೆ. ಪ್ಲೇಯರ್ ಅಥವಾ ಬ್ರೌಸರ್ ಆ ಕಡತವನ್ನು ಓದುತ್ತದೆ. ವಿಂಡೋಸ್‌ನಂಥ ಕಾರ್ಯಾಚರಣಾ ವ್ಯವಸ್ಥೆಯು ಅದನ್ನು ಯಾವ ಸಾಧನಕ್ಕೆ ಕಳುಹಿಸಬೇಕೆಂದು ನಿರ್ಧರಿಸುತ್ತದೆ. ಡ್ರೈವರ್ ಎಂಬ ಪುಟ್ಟ ತಂತ್ರಾಂಶವು ಆ ಸಾಧನದೊಡನೆ ಮಾತನಾಡುತ್ತದೆ. ಧ್ವನಿಚಿಪ್ಪು ಅಂಕೆಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸುತ್ತದೆ. ಆ ಅಲೆಗಳು ವೈರಿನ ಮೂಲಕ ಸ್ಪೀಕರನ್ನು ಸೇರಿ ಗಾಳಿಯನ್ನು ಕಂಪಿಸುತ್ತವೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಪರಿಣಾಮ ಒಂದೇ, ಮೌನ. ಆದುದರಿಂದ ಮೌನವನ್ನು ಕಂಡೊಡನೆ ಕಾರಣವನ್ನು ಊಹಿಸದೆ, ಒಂದು ತುದಿಯಿಂದ ಕೊಂಡಿಗಳನ್ನು ಒಂದೊಂದಾಗಿ ನೋಡುತ್ತ ಬರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಧ್ವನಿ ಬಂದಿತೇ ಎಂದು ಕೇಳಬೇಕು. ಮೂರನ್ನು ಒಟ್ಟಿಗೆ ಬದಲಿಸಿದವರಿಗೆ ಧ್ವನಿ ಬಂದರೂ ದೋಷ ಯಾವುದೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದಲೇ ಹುಡುಕಬೇಕಾಗುತ್ತದೆ.

ಮೊದಲು ಕಣ್ಣಿಗೆ ಕಾಣುವುದು

ಪರೀಕ್ಷೆಯನ್ನು ಸ್ಪೀಕರಿನ ತುದಿಯಿಂದ ಆರಂಭಿಸುವುದು ಸುಲಭ. ಸ್ಪೀಕರಿಗೆ ಸ್ವಂತ ಸ್ವಿಚ್ ಇದ್ದರೆ ಅದರ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ವಿದ್ಯುತ್ ಹೋಗಿ ಬಂದ ಮೇಲೆ ಕೆಲವು ಸ್ಪೀಕರುಗಳು ತಾವಾಗಿ ಚಾಲೂ ಆಗುವುದಿಲ್ಲ. ಗುಂಡಿಯನ್ನು ಮತ್ತೊಮ್ಮೆ ಒತ್ತಬೇಕಾಗುತ್ತದೆ. ಸ್ಪೀಕರಿನ ಮೇಲಿರುವ ಧ್ವನಿಯ ತಿರುಗುಣಿ ಶೂನ್ಯದಲ್ಲಿರಬಾರದು.

ಬಳಿಕ ವೈರು. ಮೇಜಿನ ಕಂಪ್ಯೂಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ರಂಧ್ರಗಳಿರುತ್ತವೆ: ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿಯದು ಮೈಕಿಗೆ, ನೀಲಿಯದು ಹೊರಗಿನ ಧ್ವನಿಯನ್ನು ಒಳಕ್ಕೆ ತೆಗೆದುಕೊಳ್ಳಲು. ಕಸ ಗುಡಿಸುವಾಗ ಕಳಚಿದ ವೈರನ್ನು ಗುಲಾಬಿ ರಂಧ್ರಕ್ಕೆ ಸಿಕ್ಕಿಸಿರುವುದು ಅಪರೂಪವಲ್ಲ.

ಈ ಹಂತದಲ್ಲಿ ಒಂದು ಸರಳ ಪ್ರಯೋಗವು ಅರ್ಧ ಕೆಲಸವನ್ನು ಮುಗಿಸುತ್ತದೆ. ಸ್ಪೀಕರಿನ ವೈರನ್ನು ತೆಗೆದು, ಸರಿಯಾಗಿದೆಯೆಂದು ಗೊತ್ತಿರುವ ಇಯರ್‌ಫೋನನ್ನು ಅದೇ ರಂಧ್ರಕ್ಕೆ ಸಿಕ್ಕಿಸಬೇಕು. ಇಯರ್‌ಫೋನಿನಲ್ಲಿ ಧ್ವನಿ ಕೇಳಿದರೆ ಕಂಪ್ಯೂಟರು ನಿರ್ದೋಷಿ. ದೋಷವು ಸ್ಪೀಕರಿನಲ್ಲಿ ಅಥವಾ ಅದರ ವೈರಿನಲ್ಲಿದೆ. ಕೇಳದಿದ್ದರೆ ಹುಡುಕಾಟವು ಕಂಪ್ಯೂಟರಿನ ಒಳಕ್ಕೆ ಸಾಗಬೇಕು.

ಲ್ಯಾಪ್‌ಟಾಪಿನಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಇಯರ್‌ಫೋನನ್ನು ತೆಗೆದ ಮೇಲೆಯೂ ರಂಧ್ರದೊಳಗಿನ ಸಣ್ಣ ಸ್ವಿಚ್ಚು ಧೂಳಿನಿಂದ ಸಿಕ್ಕಿಕೊಂಡಿದ್ದರೆ, ಇಯರ್‌ಫೋನು ಇನ್ನೂ ಇದೆಯೆಂದೇ ಯಂತ್ರವು ತಿಳಿಯುತ್ತದೆ ಮತ್ತು ಒಳಗಿನ ಸ್ಪೀಕರನ್ನು ಮುಚ್ಚಿಯೇ ಇಡುತ್ತದೆ. ಪಿನ್ನನ್ನು ನಾಲ್ಕಾರು ಬಾರಿ ಮೆಲ್ಲಗೆ ಹಾಕಿ ತೆಗೆದರೆ ಅನೇಕ ವೇಳೆ ಇದು ಸರಿಹೋಗುತ್ತದೆ.

ಪರದೆಯ ಮೇಲಿನ ಪರೀಕ್ಷೆ

ಪರದೆಯ ಕೆಳಗೆ ಬಲತುದಿಯಲ್ಲಿರುವ ಸ್ಪೀಕರಿನ ಚಿತ್ರವನ್ನು ಗಮನಿಸಬೇಕು. ಅದರ ಪಕ್ಕದಲ್ಲಿ ಅಡ್ಡಗುರುತು ಇದ್ದರೆ ಧ್ವನಿಯನ್ನು ಯಾರೋ ಮುಚ್ಚಿದ್ದಾರೆಂದು ಅರ್ಥ. ಕೀಲಿಮಣೆಯಲ್ಲಿ ಇದಕ್ಕೆಂದೇ ಒಂದು ಕೀಲಿ ಇರುವುದರಿಂದ ಮಕ್ಕಳ ಬೆರಳು ತಾಗಿದರೂ ಹೀಗಾಗಬಹುದು.

ಅಡ್ಡಗುರುತು ಇಲ್ಲದೆಯೂ ಮೌನವಿದ್ದರೆ, ಧ್ವನಿಯು ಬೇರೆ ಯಾವ ಸಾಧನಕ್ಕಾದರೂ ಹೋಗುತ್ತಿದೆಯೇ ಎಂದು ನೋಡಬೇಕು. ಎಚ್‌ಡಿಎಂಐ ಕೇಬಲ್ಲು ಚಿತ್ರವನ್ನಷ್ಟೇ ಅಲ್ಲದೆ ಧ್ವನಿಯನ್ನೂ ಒಯ್ಯುತ್ತದೆ. ಆ ಕೇಬಲ್ಲಿನ ಮೂಲಕ ಮಾನಿಟರನ್ನೋ ಪ್ರೊಜೆಕ್ಟರನ್ನೋ ಜೋಡಿಸಿದಾಗ ಧ್ವನಿಯು ಆ ಕಡೆಗೆ ತಿರುಗುವುದುಂಟು. ಅದರಲ್ಲಿ ಸ್ಪೀಕರು ಇಲ್ಲದಿದ್ದರೆ ಏನೂ ಕೇಳಿಸುವುದಿಲ್ಲ. ಪಕ್ಕದ ಕೋಣೆಯಲ್ಲಿರುವ ಬ್ಲೂಟೂತ್ ಸ್ಪೀಕರು ಧ್ವನಿಯನ್ನು ಸೆಳೆದುಕೊಂಡಿರುವುದೂ ಸಾಧ್ಯ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್ ಎಂಬುದನ್ನು ತೆರೆದರೆ ಔಟ್‌ಪುಟ್ ಸಾಧನಗಳ ಪಟ್ಟಿ ದೊರೆಯುತ್ತದೆ. ಬೇಕಾದ ಸ್ಪೀಕರನ್ನು ಅಲ್ಲಿ ಆರಿಸಿಕೊಳ್ಳಬೇಕು.

ಮೂರನೆಯದು ಒಂದೇ ಕಾರ್ಯಕ್ರಮದ ಮೌನ. ವಾಲ್ಯೂಮ್ ಮಿಕ್ಸರ್ ಎಂಬಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಪ್ರತ್ಯೇಕ ಧ್ವನಿಮಟ್ಟ ಇರುತ್ತದೆ. ಇತರ ಕಾರ್ಯಕ್ರಮಗಳು ಕೇಳುತ್ತಿದ್ದು ಬ್ರೌಸರು ಮಾತ್ರ ಮೌನವಾಗಿದ್ದರೆ ಅದರ ಮಟ್ಟವನ್ನು ಇಲ್ಲಿ ನೋಡಬೇಕು. ಬ್ರೌಸರಿನ ಟ್ಯಾಬನ್ನೂ ಪ್ರತ್ಯೇಕವಾಗಿ ಮುಚ್ಚಬಹುದೆಂಬುದನ್ನು ಮರೆಯಬಾರದು. ಒಂದು ಕಡತ ಮಾತ್ರ ಮೂಕವಾಗಿದ್ದರೆ ದೋಷವಿರುವುದು ಆ ಕಡತದಲ್ಲಿ; ಅದನ್ನು ಮತ್ತೆ ಇಳಿಸಿಕೊಳ್ಳಬೇಕು.

ಅರ್ಧ ಧ್ವನಿ, ಕೆಟ್ಟ ಧ್ವನಿ

ಪೂರ್ಣ ಮೌನಕ್ಕಿಂತ ಅರ್ಧ ಧ್ವನಿಯೇ ಹೆಚ್ಚು ದಾರಿ ತಪ್ಪಿಸುತ್ತದೆ. ಹಾಡಿನ ಹಿನ್ನೆಲೆಯ ವಾದ್ಯಗಳು ಕೇಳುತ್ತಿದ್ದು ಗಾಯಕರ ಮಾತು ಮಾತ್ರ ಮಾಯವಾಗಿದ್ದರೆ, ಪಿನ್ನು ರಂಧ್ರದಲ್ಲಿ ಪೂರ್ತಿ ಕೂತಿಲ್ಲವೆಂದು ಸಂಶಯಪಡಬೇಕು. ಎಡ ಬಲ ಎರಡೂ ವಾಹಿನಿಗಳಿಗೆ ಸಮಾನವಾದ ತಳದ ತಂತಿಯ ಸಂಪರ್ಕ ತಪ್ಪಿದಾಗ, ಎರಡರ ನಡುವಿನ ವ್ಯತ್ಯಾಸ ಮಾತ್ರ ಹೊರಬರುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡರಲ್ಲಿಯೂ ಸಮನಾಗಿ ಮುದ್ರಿಸಿರುವುದರಿಂದ ಅದು ಅಳಿಸಿಹೋಗುತ್ತದೆ. ಪಿನ್ನನ್ನು ಒತ್ತಿ ಕೂರಿಸಿದೊಡನೆ ಪದ್ಯದ ಮಾತುಗಳು ಮರಳುತ್ತವೆ. ಒಂದು ಕಿವಿಗೆ ಮಾತ್ರ ಧ್ವನಿ ಬರುತ್ತಿದ್ದರೆ ಎಡ-ಬಲಗಳ ಸಮತೋಲನದ ಸೆಟ್ಟಿಂಗನ್ನೂ ವೈರನ್ನೂ ನೋಡಬೇಕು.

ಕೆಲವು ದೋಷಗಳು ಯಂತ್ರದವೇ ಅಲ್ಲ. ಮಿರಜದಲ್ಲಿ ನೆಲೆಸಿ 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರ ಗಾಯನವನ್ನು, ಕುಂದಗೋಳದ ಸವಾಯಿ ಗಂಧರ್ವರ ಈ ಗುರುವಿನ ದನಿಯನ್ನು, ಇಂದಿನ ಮಕ್ಕಳು ಹಳೆಯ ಗ್ರಾಮಫೋನ್ ತಟ್ಟೆಗಳ ಮರುಮುದ್ರಣದಲ್ಲಿ ಕೇಳಬಹುದು. ಅದರಲ್ಲಿನ ಚಟಪಟ ಸದ್ದು ಮುಳ್ಳು ತಟ್ಟೆಯ ಮೇಲೆ ಉಜ್ಜಿದ ಸದ್ದು. ಅದಕ್ಕಾಗಿ ಸ್ಪೀಕರನ್ನು ಬದಲಿಸಿ ಪ್ರಯೋಜನವಿಲ್ಲ. ಹೊಸ ಮುದ್ರಣವೊಂದನ್ನು ಹಾಕಿ ಕೇಳಿದರೆ ದೋಷವು ಮೂಲದ್ದೋ ಯಂತ್ರದ್ದೋ ಎಂಬುದು ನಿಶ್ಚಯವಾಗುತ್ತದೆ.

ಒಳಗಿನ ದೋಷ

ಮೇಲಿನ ಎಲ್ಲವೂ ಸರಿಯಿದ್ದು ಧ್ವನಿ ಬಾರದಿದ್ದರೆ ಕಂಪ್ಯೂಟರನ್ನು ರಿಸ್ಟಾರ್ಟ್ ಮಾಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ 8ರಿಂದೀಚೆಗೆ ಬಂದ ಶೀಘ್ರಾರಂಭದ ವ್ಯವಸ್ಥೆಯಿಂದಾಗಿ, ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದಾಗ ಒಳಗಿನ ಕೆಲವು ಭಾಗಗಳು ಹಳೆಯ ಸ್ಥಿತಿಯಿಂದಲೇ ಮುಂದುವರಿಯುತ್ತವೆ; ರಿಸ್ಟಾರ್ಟ್ ಮಾಡಿದಾಗ ಮಾತ್ರ ಡ್ರೈವರುಗಳು ಪೂರ್ತಿ ಹೊಸದಾಗಿ ಆರಂಭಗೊಳ್ಳುತ್ತವೆ. ಆದುದರಿಂದ ಎರಡನ್ನೂ ಒಂದೆಂದು ಭಾವಿಸಬಾರದು.

ಆ ಬಳಿಕ ಡಿವೈಸ್ ಮ್ಯಾನೇಜರಿನಲ್ಲಿ ಧ್ವನಿಸಾಧನವನ್ನು ನೋಡಬೇಕು. ಹಳದಿ ತ್ರಿಕೋನವಿದ್ದರೆ ಅದರ ಡ್ರೈವರಿನಲ್ಲಿ ತೊಂದರೆಯಿದೆ. ಕೆಳಮುಖದ ಬಾಣವಿದ್ದರೆ ಅದನ್ನು ಸ್ಥಗಿತಗೊಳಿಸಲಾಗಿದೆ, ಎನೇಬಲ್ ಮಾಡಿದರೆ ಸಾಕು. ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಧ್ವನಿ ನಿಂತಿದ್ದರೆ, ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬುದು ಲಭ್ಯವಿದ್ದಲ್ಲಿ ಅದರಿಂದ ಹಳೆಯ ಡ್ರೈವರಿಗೆ ಮರಳಬಹುದು. ಹೊಸ ಡ್ರೈವರ್ ಬೇಕಾದರೆ ಕಂಪ್ಯೂಟರ್ ತಯಾರಕರ ಜಾಲತಾಣದಿಂದಲೇ ಪಡೆಯಬೇಕು. ಅಪರಿಚಿತ ತಾಣಗಳಲ್ಲಿ ಉಚಿತವೆಂದು ಕೊಡುವ ಡ್ರೈವರುಗಳೊಡನೆ ವೈರಸ್ಸು ಬರುವ ಅಪಾಯವಿದೆ.

ಧ್ವನಿಚಿಪ್ಪೇ ಕೆಟ್ಟಿದ್ದರೂ ಕಂಪ್ಯೂಟರನ್ನು ಮೂಲೆಗೆ ಹಾಕಬೇಕಾಗಿಲ್ಲ. ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ ಪುಟ್ಟ ಧ್ವನಿ ಅಡಾಪ್ಟರಿನಲ್ಲಿ ಅದರದೇ ಚಿಪ್ಪು ಇರುತ್ತದೆ; ಸ್ಪೀಕರನ್ನು ಅದಕ್ಕೆ ಜೋಡಿಸಿದರೆ ಕೆಲಸ ಸಾಗುತ್ತದೆ. ರಿಪೇರಿಗೆ ಕೊಡಲೇಬೇಕಾದಾಗ ‘ಸೌಂಡ್ ಬರುತ್ತಿಲ್ಲ’ ಎಂದಷ್ಟೇ ಹೇಳದೆ, ಏನೇನು ಪರೀಕ್ಷಿಸಲಾಯಿತು, ಯಾವುದರಿಂದ ಏನು ಕಂಡಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು. ಸಮಯವೂ ಹಣವೂ ಉಳಿಯುತ್ತವೆ.

ತರಗತಿಯಲ್ಲಿ

ಮನೆಯಲ್ಲಿ ಕೇಳಿದ ಧ್ವನಿ ಶಾಲೆಯ ಪ್ರೊಜೆಕ್ಟರಿಗೆ ಜೋಡಿಸಿದೊಡನೆ ಮಾಯವಾಗುವುದು ಸಾಮಾನ್ಯ. ಕಾರಣ ಹೆಚ್ಚಾಗಿ ಮೇಲೆ ಹೇಳಿದ ಔಟ್‌ಪುಟ್ ಆಯ್ಕೆಯೇ. ಪಾಠಕ್ಕೆ ಹತ್ತು ನಿಮಿಷ ಮೊದಲು ಜೋಡಿಸಿ, ಕೊನೆಯ ಬೆಂಚಿನಲ್ಲಿ ನಿಂತು ಕೇಳಿ ನೋಡುವುದು ಅವಶ್ಯ. ಅದೇ ಕಡತವನ್ನು ಮೊಬೈಲಿನಲ್ಲಿಯೂ ಇಳಿಸಿಟ್ಟುಕೊಂಡಿದ್ದರೆ ಪಾಠವು ನಿಲ್ಲುವುದಿಲ್ಲ.

ಮೇಲ್ವರ್ಗದ ಮಕ್ಕಳಿಗೆ ಈ ಪರೀಕ್ಷೆಯನ್ನೇ ಭಾಷಾ ಚಟುವಟಿಕೆಯನ್ನಾಗಿ ಮಾಡಬಹುದು. ಶಿಕ್ಷಕರು ಸ್ಪೀಕರಿನ ಪಿನ್ನನ್ನು ಅರ್ಧ ಹೊರಗೆಳೆದೋ ಟ್ಯಾಬನ್ನು ಮುಚ್ಚಿಯೋ ಒಂದು ದೋಷವನ್ನು ಬೇಕೆಂದೇ ಉಂಟುಮಾಡಬೇಕು. ಮಕ್ಕಳು ಗುಂಪಿನಲ್ಲಿ ಕಾರಣವನ್ನು ಹುಡುಕಿ, ‘ಮೊದಲು’, ‘ಆಮೇಲೆ’, ‘ಹೀಗಿದ್ದರೆ’, ‘ಆದುದರಿಂದ’ ಎಂಬ ಪದಗಳನ್ನು ಬಳಸಿ ತಾವು ಅನುಸರಿಸಿದ ಕ್ರಮವನ್ನು ಐದಾರು ವಾಕ್ಯಗಳಲ್ಲಿ ಕನ್ನಡದಲ್ಲಿ ಹೇಳಬೇಕು. ಧ್ವನಿ ಮರಳಿದ ಮೇಲೆ ಕೇಳಿಸಬೇಕಾದ ಮೊದಲ ಪದಗಳು ‘ಬೆಳೆ, ಬೇಳೆ’, ‘ಕೊಡು, ಕೋಡು’. ಎರಡರಲ್ಲಿ ಯಾವುದನ್ನು ಕೇಳಿದೆವೆಂದು ಮಕ್ಕಳು ಕೈಯೆತ್ತಿ ತಿಳಿಸಲಿ. ತಪ್ಪಿದವರಿಗೆ ಶಿಕ್ಷಕರು ಅದನ್ನೇ ತಮ್ಮ ದನಿಯಲ್ಲಿ ಮತ್ತೊಮ್ಮೆ ಹೇಳಿ ಕೇಳಿಸಲಿ.